ಕ್ಯಾಮೆರಾ ಫೂಟೇಜ್, ಬೇರೆ ರೆಕಾರ್ಡರ್‌ನ ಆಡಿಯೋ: ಸಿಂಕ್ ತಪ್ಪದ ಹಾಗೆ ಎಡಿಟಿಂಗ್‌ಗೆ ತರುವ ಕ್ರಮ

ಶೂಟಿಂಗ್ ಚೆನ್ನಾಗಿಯೇ ಆಗಿರುತ್ತದೆ. ಕ್ಯಾಮೆರಾ ಒಳ್ಳೆಯದು, ಬೇರೆ ರೆಕಾರ್ಡರ್‌ನಲ್ಲಿ ಮಾತು ಸ್ವಚ್ಛವಾಗಿ ಬಂದಿದೆ. ಎಲ್ಲವನ್ನೂ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದ ಮೇಲೆ ತಲೆನೋವು ಶುರು. ಒಬ್ಬರಿಗೆ ಚಿತ್ರ ಬರುತ್ತದೆ, ದನಿಯೇ ಇಲ್ಲ. ಇನ್ನೊಬ್ಬರಿಗೆ ಮೊದಲ ನಿಮಿಷ ಸರಿ, ಹತ್ತನೇ ನಿಮಿಷಕ್ಕೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮತ್ತೊಬ್ಬರಿಗೆ ಎಲ್ಲ ಕ್ಲಿಪ್‌ಗಳೂ 36 ಸೆಕೆಂಡ್ ಆಚೆ ಹೋಗಿ ಕೂತಿವೆ. ಕೇಳುವ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಸಿಂಕ್ ಬಟನ್ ಕೆಲಸ ಮಾಡ್ತಿಲ್ಲ, ಏನು ಮಾಡಲಿ?"

ಸಿಂಕ್ ಅಂದರೆ ಚಿತ್ರಕ್ಕೂ ದನಿಗೂ ತಾಳ ಹೊಂದಿಸುವುದು. ಅದರ ಬಟನ್ ಬಹುತೇಕ ಸರಿಯಾಗೇ ಇರುತ್ತದೆ. ಅದನ್ನು ಒತ್ತುವ ಮೊದಲು ಮಾಡಬೇಕಿದ್ದ ನಾಲ್ಕು ಕೆಲಸಗಳಲ್ಲಿ ಯಾವುದೋ ಒಂದು ಬಿಟ್ಟುಹೋಗಿರುತ್ತದೆ, ಇಲ್ಲವೇ ಹಿಂದುಮುಂದಾಗಿರುತ್ತದೆ. ಅದಕ್ಕೇ ಇಲ್ಲಿ ಸಿಂಕ್ ಬರುವುದು ಐದನೇ ಹಂತದಲ್ಲಿ. ನೇರ ಅಲ್ಲಿಗೆ ಹಾರಬೇಡಿ. ಹಾರಿದವರು ವಾಪಸ್ ಒಂದನೇ ಹಂತಕ್ಕೇ ಬರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಕೈಯಲ್ಲಿ ಏನೇನಿರಬೇಕು

ಕಾರ್ಡಿಗೆ ತಕ್ಕ ರೀಡರ್ ಬೇಕು. ಕ್ಯಾಮೆರಾಗೆ ಕೇಬಲ್ ಚುಚ್ಚಿ ಕಾಪಿ ಮಾಡುವ ಅಭ್ಯಾಸವಿದ್ದರೆ ಬಿಡಿ. ಮಧ್ಯದಲ್ಲಿ ಬ್ಯಾಟರಿ ಕೈಕೊಟ್ಟರೆ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಎರಡು ಬೇರೆ ಬೇರೆ ಡಿಸ್ಕ್ ಬೇಕು: ಒಂದು ಎಡಿಟಿಂಗ್‌ಗೆ, ಇನ್ನೊಂದು ಎತ್ತಿಡಲು. ಒಂದೇ ಡಿಸ್ಕ್‌ನಲ್ಲಿ ಎರಡು ಫೋಲ್ಡರ್ ಮಾಡಿದರೆ ಅದು ಬ್ಯಾಕಪ್ ಅಲ್ಲ.

ಸಾಫ್ಟ್‌ವೇರ್ ಪೈಕಿ ಕಾಪಿಯನ್ನು ತಾಳೆ ನೋಡುವಂಥದ್ದು ಒಂದು, ಮೀಡಿಯಾಇನ್ಫೋ ಒಂದು. ಎರಡನೆಯದು ಉಚಿತ, ಫೈಲಿನ ಒಳಗೇನಿದೆ ಅಂತ ಪೂರ್ತಿ ಬಿಚ್ಚಿ ತೋರಿಸುತ್ತದೆ. ಜೊತೆಗೆ ಕಿವಿ ಮುಚ್ಚುವ ಹೆಡ್‌ಫೋನ್. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಒಂದು ಫ್ರೇಮ್ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೌಂಡ್ ನೋಡಿಕೊಂಡವರು ಬರೆದ ರಿಪೋರ್ಟ್ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಯಾವ ಟ್ರ್ಯಾಕ್‌ನಲ್ಲಿ ಯಾರ ಮೈಕ್ ಇತ್ತು ಅನ್ನುವುದು ಆ ಹಾಳೆಯಲ್ಲಿರುತ್ತದೆ.

ಹಂತ 1: ಕಾರ್ಡನ್ನು ಇಡಿಯಾಗಿ ಕಾಪಿ ಮಾಡಿ

ಕಾರ್ಡ್ ತೆರೆದರೆ ಫೋಲ್ಡರ್ ಒಳಗೆ ಫೋಲ್ಡರ್. ದೊಡ್ಡ ಫೈಲ್‌ಗಳು ಎಲ್ಲಿವೆ ಅಂತ ಹುಡುಕಿ ಅವನ್ನಷ್ಟೇ ಎಳೆದುಕೊಳ್ಳುವುದು, ಉಳಿದದ್ದು ಕಸ ಅಂತ ಬಿಡುವುದು. ಎಲ್ಲರೂ ಮಾಡುವ ಮೊದಲ ತಪ್ಪು ಇದೇ, ಅತಿ ದುಬಾರಿಯಾಗುವುದೂ ಇದೇ.

ಪ್ಯಾನಾಸೋನಿಕ್‌ನ ಪಿ2 ಕಾರ್ಡ್ ನೋಡಿ. 'ಕಂಟೆಂಟ್ಸ್' ಅನ್ನುವ ಫೋಲ್ಡರ್ ಒಳಗೆ 'ವಿಡಿಯೋ' ಬೇರೆ, 'ಆಡಿಯೋ' ಬೇರೆ, ಎರಡನ್ನೂ ಜೋಡಿಸುವ ವಿವರ 'ಕ್ಲಿಪ್' ಫೋಲ್ಡರ್‌ನಲ್ಲಿ ಬೇರೆ. ದೊಡ್ಡ ಫೈಲ್ ಅಂತ 'ವಿಡಿಯೋ' ಮಾತ್ರ ತಂದರೆ ಕ್ಲಿಪ್ ಮೂಕವಾಗಿ ಬರುತ್ತದೆ. "ದನಿಯೇ ಇಲ್ಲ" ಅನ್ನುವ ದೂರುಗಳಲ್ಲಿ ಕೆಲವಕ್ಕೆ ಉತ್ತರ ಇಷ್ಟೇ. ಸೋನಿ ಕ್ಯಾಮೆರಾಗಳಲ್ಲಿ 'ಎಂ4ರೂಟ್' ಅಥವಾ 'ಎಕ್ಸ್‌ಡಿರೂಟ್' ಒಳಗೆ ಪ್ರತಿ ಕ್ಲಿಪ್‌ಗೂ ಅದೇ ಹೆಸರಿನ ಪುಟ್ಟ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅದು ಕೆಲವೇ ಕೆಬಿ, ಆದರೂ ಬಿಡಬೇಡಿ.

ಇನ್ನೊಂದು ತೊಂದರೆ ಉದ್ದದ ಶಾಟ್‌ಗಳದ್ದು. ಫ್ಯಾಟ್32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಆದ್ದರಿಂದ ಕ್ಯಾಮೆರಾ ಒಂದೇ ಶಾಟನ್ನು ತುಂಡು ತುಂಡಾಗಿ ಬರೆಯುತ್ತದೆ. ಎವಿಸಿಎಚ್‌ಡಿ ಅನ್ನುವ ಕ್ಯಾಮೆರಾ ಫಾರ್ಮ್ಯಾಟ್‌ನ ಎಂಟಿಎಸ್ ಫೈಲ್‌ಗಳು ಹೀಗೆಯೇ. ರೆಡ್ ಕ್ಯಾಮೆರಾ ಕೂಡ ಒಂದು ಶಾಟನ್ನು ಹಲವು ಆರ್3ಡಿ ತುಂಡುಗಳಾಗಿ ಇಡುತ್ತದೆ. ತುಂಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದು ಸಾಫ್ಟ್‌ವೇರ್‌ಗೆ ತಿಳಿಯುವುದು ಸುತ್ತಲಿನ ಫೋಲ್ಡರ್ ರಚನೆಯಿಂದ.

ಇದನ್ನು ನಾನು ಕಲಿತದ್ದು ಸೋತು. ಒಂದು ಗಂಟೆಯ ಸಂದರ್ಶನ, ಎವಿಸಿಎಚ್‌ಡಿ ಕ್ಯಾಮೆರಾ, ಬೇರೆ ರೆಕಾರ್ಡರ್ ಇರಲಿಲ್ಲ. 'ಸ್ಟ್ರೀಮ್' ಫೋಲ್ಡರ್ ತೆರೆದು ಎಂಟಿಎಸ್ ಫೈಲ್‌ಗಳನ್ನಷ್ಟೇ ಎಳೆದುಕೊಂಡೆ, ಕಾರ್ಡ್ ಅಳಿಸಿದೆ. ಮರುದಿನ ಟೈಮ್‌ಲೈನ್‌ನಲ್ಲಿ, ಅಂದರೆ ಕ್ಲಿಪ್ ಜೋಡಿಸುವ ಪಟ್ಟಿಯಲ್ಲಿ, ಒಂದರ ಪಕ್ಕ ಒಂದು ಇಟ್ಟೆ. ಚಿತ್ರ ಅಂಟಿಕೊಂಡಿತು. ಪ್ರತಿ ಜೋಡಣೆಯಲ್ಲೂ ದನಿ ಮಾತ್ರ ಕಣ್ಣು ಮಿಟುಕಿಸಿದಷ್ಟು ಹೊತ್ತು ಮಾಯ. ಒಂದು ಕಡೆಯಂತೂ "ಗೊತ್ತಿರಲಿಲ್ಲ" ಅಂದದ್ದರಲ್ಲಿ "ಇರಲಿಲ್ಲ" ಸತ್ತು, ಅರ್ಥವೇ ತಿರುಗಿ ಹೋಯಿತು. ಫೋಲ್ಡರ್ ಪೂರ್ತಿ ತಂದಿದ್ದರೆ ಸಾಫ್ಟ್‌ವೇರ್ ಅದನ್ನೆಲ್ಲ ಒಂದೇ ಕ್ಲಿಪ್ ಮಾಡಿ ಕೊಡುತ್ತಿತ್ತು.

ಹಾಗಾಗಿ ಕ್ರಮ ಹೀಗೆ. ಡಿಸ್ಕ್‌ನಲ್ಲಿ ದಿನಾಂಕದ ಹೆಸರಿನ ಫೋಲ್ಡರ್ ಮಾಡಿ. ಅದರೊಳಗೆ ಕಾರ್ಡಿಗೊಂದು ಫೋಲ್ಡರ್: ಮೊದಲ ಕ್ಯಾಮೆರಾದ ಮೊದಲ ಕಾರ್ಡಿಗೆ ಎ001, ಎರಡನೇ ಕ್ಯಾಮೆರಾಗೆ ಬಿ001, ರೆಕಾರ್ಡರ್‌ಗೆ ಸೌಂಡ್001. ಕಾರ್ಡಿನಲ್ಲಿ ಇರುವುದನ್ನೆಲ್ಲ, ಖಾಲಿ ಕಾಣುವ ಫೋಲ್ಡರ್ ಸಮೇತ, ಅದರೊಳಕ್ಕೆ ಹಾಕಿ. ಒಳಗಿನ ಯಾವ ಫೈಲಿನ ಹೆಸರನ್ನೂ ಬದಲಿಸಬೇಡಿ. ಎರಡು ಕಾರ್ಡುಗಳನ್ನು ಒಂದೇ ಫೋಲ್ಡರ್‌ಗೆ ಸುರಿಯಲೂ ಬೇಡಿ. ಒಂದೇ ಹೆಸರಿನ ಫೈಲ್ ಇದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ.

ಕಾಪಿ ಆದ ಮೇಲೆ ತಾಳೆ ನೋಡುವುದು. ಗಾತ್ರ ಒಂದೇ ಇದೆ ಅಂದ ಮಾತ್ರಕ್ಕೆ ಫೈಲ್ ಒಂದೇ ಅಲ್ಲ. ಚೆಕ್‌ಸಮ್ ನೋಡುವ ಸಾಫ್ಟ್‌ವೇರ್ ಎರಡೂ ಕಡೆಯ ಫೈಲನ್ನು ಓದಿ, ಎಂಡಿ5 ಅಥವಾ ಎಕ್ಸ್‌ಎಕ್ಸ್‌ಹ್ಯಾಶ್ ಅನ್ನುವ, ಫೈಲಿನ ಬೆರಳಚ್ಚಿನಂಥ ಅಂಕಿ ಲೆಕ್ಕ ಹಾಕಿ, ಹೊಂದದಿದ್ದರೆ ಕೂಗಿ ಹೇಳುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಮೀಡಿಯಾ ಪೇಜ್‌ನಲ್ಲಿ 'ಕ್ಲೋನ್ ಟೂಲ್' ಅಂತ ಇದೆ, ಅದು ಇದೇ ಕೆಲಸ ಮಾಡುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಆಗಲಿ.

ಹಂತ 2: ಫೈಲಿನ ಜಾತಕ ನೋಡಿ

ಎಡಿಟಿಂಗ್ ಸಾಫ್ಟ್‌ವೇರ್ ಇನ್ನೂ ತೆರೆಯಬೇಡಿ. ಪ್ರತಿ ಕ್ಯಾಮೆರಾದಿಂದ ಒಂದು ಕ್ಲಿಪ್, ರೆಕಾರ್ಡರ್‌ನಿಂದ ಒಂದು ವೇವ್ ಫೈಲ್ ಆರಿಸಿ ಮೀಡಿಯಾಇನ್ಫೋಗೆ ಕೊಡಿ. ಕಾಣುವ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅಂತ. 25 ಅಂತ ಇದ್ದರೆ ನೆಮ್ಮದಿ. 24 ಅಂತ ಇದ್ದರೆ ನಿಜವಾಗಿ 24ಓ ಅಥವಾ 23.976ಓ ಅಂತ ಮತ್ತೊಮ್ಮೆ ನೋಡಿ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಎರಡಕ್ಕೂ 24 ಅಂತಲೇ ಬರೆದಿರುತ್ತದೆ. ಇವುಗಳ ವ್ಯತ್ಯಾಸ ಸಾವಿರಕ್ಕೆ ಒಂದು. ಕೇಳಲು ಪುಟಾಣಿ, ಆದರೆ ಒಂದನ್ನು ಇನ್ನೊಂದು ಅಂತ ಓದಿಸಿದರೆ ಸುಮಾರು 42 ಸೆಕೆಂಡಿಗೆ ಒಂದು ಫ್ರೇಮ್ ಜಾರುತ್ತದೆ. ಹತ್ತು ನಿಮಿಷಕ್ಕೆ 14 ಫ್ರೇಮ್. ಒಂದು ಗಂಟೆಗೆ 3.6 ಸೆಕೆಂಡ್. 30 ಮತ್ತು 29.97ಕ್ಕೂ, 60 ಮತ್ತು 59.94ಕ್ಕೂ ಇದೇ ಸಂಬಂಧ.

ಎರಡನೆಯದು, ಫ್ರೇಮ್ ರೇಟ್ ಮೋಡ್. ವೃತ್ತಿಪರ ಕ್ಯಾಮೆರಾದಲ್ಲಿ 'ಕಾನ್‌ಸ್ಟಂಟ್' ಇರುತ್ತದೆ. ಎರಡನೇ ಕ್ಯಾಮೆರಾ ಅಂತ ಫೋನ್ ಇಟ್ಟಿದ್ದರೆ, ಅಥವಾ ಸ್ಕ್ರೀನ್ ರೆಕಾರ್ಡಿಂಗ್ ಇದ್ದರೆ, 'ವೇರಿಯಬಲ್' ಅಂತ ಬರಬಹುದು. ಅಂದರೆ ಆ ಫೈಲ್ ಸೆಕೆಂಡಿಗೆ ಒಮ್ಮೆ 30, ಒಮ್ಮೆ 28 ಅಂತ ಮನಸ್ಸಿಗೆ ಬಂದಷ್ಟು ಫ್ರೇಮ್ ಬರೆದಿದೆ. ಅದನ್ನು ಹಾಗೇ ಟೈಮ್‌ಲೈನ್‌ಗೆ ತಂದರೆ ಸಿಂಕ್ ಒಮ್ಮೆ ಸರಿ, ಒಮ್ಮೆ ತಪ್ಪು. ಹ್ಯಾಂಡ್‌ಬ್ರೇಕ್ ಅಥವಾ ಶಟರ್ ಎನ್‌ಕೋಡರ್‌ನಲ್ಲಿ ಹಾಕಿ, ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಹೊಸ ಫೈಲ್ ಮಾಡಿಕೊಂಡೇ ಮುಂದೆ ಹೋಗಿ.

ಮೂರನೆಯದು, ಆಡಿಯೋದ ಸ್ಯಾಂಪಲ್ ರೇಟ್, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದಿದೆ ಅಂತ. ವಿಡಿಯೋ ಕೆಲಸಕ್ಕೆ 48 ಕಿಲೋಹರ್ಟ್ಸ್ ವಾಡಿಕೆ. ಸಂಗೀತಕ್ಕೆ ಅಂತ ಇಟ್ಟ ರೆಕಾರ್ಡರ್ 44.1ರಲ್ಲಿ ಇರಬಹುದು. ಇಂದಿನ ಸಾಫ್ಟ್‌ವೇರ್‌ಗಳು ಅದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಆದರೂ ಗೊತ್ತಿರಲಿ.

ವೇವ್ ಫೈಲ್ 32 ಬಿಟ್ ಫ್ಲೋಟ್ (ಬಹಳ ಜೋರಿನ ದನಿಯನ್ನೂ ಕತ್ತರಿಸದೆ ಇಡುವ ರೀತಿ) ಆಗಿದ್ದರೆ ಒಂದು ಎಚ್ಚರಿಕೆ. ಪರದೆಯಲ್ಲಿ ದನಿಯ ಅಲೆ ಮೇಲೆ ಕೆಳಗೆ ಕತ್ತರಿಸಿದ ಹಾಗೆ ಕಂಡು ಎದೆ ಧಸಕ್ ಅನ್ನುತ್ತದೆ. ಹೆಚ್ಚಿನ ಸಲ ಫೈಲ್ ಕೆಟ್ಟಿರುವುದಿಲ್ಲ. ಕ್ಲಿಪ್ಪಿನ ಗೇನ್ (ದನಿಯ ಮಟ್ಟ) ಇಳಿಸಿ ನೋಡಿ, ಅಲೆಯ ತಲೆ ಕಾಣಿಸಿಕೊಳ್ಳುತ್ತದೆ. ಮೈಕೇ ತಡೆಯಲಾರದೆ ಒಡೆದಿದ್ದರೆ ಮಾತ್ರ ಅದು ವಾಪಸ್ ಬರುವುದಿಲ್ಲ.

ಇನ್ನು ಟೈಮ್‌ಕೋಡ್, ಅಂದರೆ ರೆಕಾರ್ಡಿಂಗ್ ಮೇಲೆ ಬೀಳುವ ಸಮಯದ ಮುದ್ರೆ. ಕ್ಯಾಮೆರಾದಲ್ಲಿ ಅದು ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಆಗಿ ಇರುತ್ತದೆ. ವೃತ್ತಿಪರ ರೆಕಾರ್ಡರ್‌ನ ಬ್ರಾಡ್‌ಕಾಸ್ಟ್ ವೇವ್ ಫೈಲ್‌ನಲ್ಲಿ ಹಾಗಿರುವುದಿಲ್ಲ. ಅಲ್ಲಿ ಇರುವುದು ಒಂದೇ ದೊಡ್ಡ ಅಂಕಿ: ಮಧ್ಯರಾತ್ರಿಯಿಂದ ಈವರೆಗೆ ಎಷ್ಟು ಸ್ಯಾಂಪಲ್ ಆಯಿತು ಅಂತ. ಬೆಳಗ್ಗೆ 10ಕ್ಕೆ ಸರಿಯಾಗಿ ಶುರುವಾದ 48 ಕಿಲೋಹರ್ಟ್ಸ್ ಫೈಲ್‌ನಲ್ಲಿ ಅದು 172 ಕೋಟಿ 80 ಲಕ್ಷ. ಈ ಅಂಕಿಯನ್ನು ಟೈಮ್‌ಕೋಡ್ ಮಾಡಲು ಸಾಫ್ಟ್‌ವೇರ್‌ಗೆ ಫ್ರೇಮ್ ರೇಟ್ ಬೇಕೇ ಬೇಕು. ರೆಕಾರ್ಡರ್ 23.976 ಅಂತ ಬರೆದದ್ದನ್ನು ಸಾಫ್ಟ್‌ವೇರ್ 24 ಅಂತ ಓದಿದರೆ, ಗಂಟೆಗೆ 3.6 ಸೆಕೆಂಡಿನ ಲೆಕ್ಕದಲ್ಲಿ 10 ಗಂಟೆಯ ಫೈಲ್ 36 ಸೆಕೆಂಡ್ ಆಚೆ ಬೀಳುತ್ತದೆ. ಮೊದಲ ಪ್ಯಾರಾದ 36 ಸೆಕೆಂಡ್ ಬಂದದ್ದು ಇಲ್ಲಿಂದ.

ಹಂತ 3: ಪ್ರಾಜೆಕ್ಟ್ ಸೆಟ್ಟಿಂಗ್ ಮೊದಲು, ಕ್ಲಿಪ್ ಆಮೇಲೆ

ಈಗ ಸಾಫ್ಟ್‌ವೇರ್ ತೆರೆಯಿರಿ. ಕ್ಲಿಪ್ ಎಳೆಯುವ ಆಸೆ ಆಗುತ್ತದೆ, ತಡೆಯಿರಿ. ಮುಖ್ಯ ಕ್ಯಾಮೆರಾದ ಫ್ರೇಮ್ ರೇಟನ್ನೇ ಪ್ರಾಜೆಕ್ಟಿಗೆ ಕೊಡಿ. ಚೀಟಿಯಲ್ಲಿ 23.976 ಇದ್ದರೆ 23.976. ಸುಮ್ನೆ 24 ಅಂತ ಹಾಕಬೇಡಿ. ಆಡಿಯೋ 48 ಕಿಲೋಹರ್ಟ್ಸ್.

ರಿಸಾಲ್ವ್‌ನಲ್ಲಿ ಇದು ಇನ್ನೂ ಮುಖ್ಯ. ಮೀಡಿಯಾ ಪೂಲ್‌ಗೆ ಕ್ಲಿಪ್ ಬಂದಮೇಲೆ ಪ್ರಾಜೆಕ್ಟಿನ ಟೈಮ್‌ಲೈನ್ ಫ್ರೇಮ್ ರೇಟನ್ನು ಅದು ಬದಲಿಸಲು ಬಿಡುವುದಿಲ್ಲ. ಮೊದಲ ಕ್ಲಿಪ್ ಹಾಕುವಾಗ ಫ್ರೇಮ್ ರೇಟ್ ಬೇರೆ ಇದೆ, ಬದಲಿಸಲಾ ಅಂತ ಒಂದು ಪೆಟ್ಟಿಗೆ ಬರುತ್ತದೆ. ಆ ಮೊದಲ ಕ್ಲಿಪ್ ಸ್ಲೋ ಮೋಷನ್‌ಗೆ ತೆಗೆದ 50 ಫ್ರೇಮಿನದ್ದಾಗಿದ್ದು ನೀವು ಹೂಂ ಅಂದುಬಿಟ್ಟರೆ ಇಡೀ ಪ್ರಾಜೆಕ್ಟ್ 50 ಆಗಿ ಕೂರುತ್ತದೆ. ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊನಲ್ಲಿ ಸೆಟ್ಟಿಂಗ್ ಇರುವುದು ಸೀಕ್ವೆನ್ಸಿಗೆ, ಅಂದರೆ ಟೈಮ್‌ಲೈನಿಗೆ. ಮುಖ್ಯ ಕ್ಯಾಮೆರಾದ ಕ್ಲಿಪ್‌ನಿಂದಲೇ ಹೊಸ ಸೀಕ್ವೆನ್ಸ್ ಮಾಡಿದರೆ ತಲೆಬಿಸಿ ಇಲ್ಲ.

ಹಂತ 4: ಇಂಪೋರ್ಟ್ ಮಾಡಿ, ಚಾನೆಲ್ ಬಿಡಿಸಿ

ಡೆಸ್ಕ್‌ಟಾಪ್‌ನಿಂದ ಫೈಲ್ ಎಳೆದು ಹಾಕಬೇಡಿ. ಪ್ರೀಮಿಯರ್‌ನಲ್ಲಿ 'ಮೀಡಿಯಾ ಬ್ರೌಸರ್', ರಿಸಾಲ್ವ್‌ನಲ್ಲಿ 'ಮೀಡಿಯಾ ಸ್ಟೋರೇಜ್', ಫೈನಲ್ ಕಟ್ ಪ್ರೊನಲ್ಲಿ ಅದರ ಇಂಪೋರ್ಟ್ ಕಿಟಕಿ. ಇವು ಕಾರ್ಡಿನ ರಚನೆ ಓದಿ ತುಂಡುಗಳನ್ನು ಒಂದು ಮಾಡಿ ತೋರಿಸುತ್ತವೆ. ಪಟ್ಟಿಯಲ್ಲಿ ಒಂದು ಗಂಟೆಯ ಶಾಟ್ ಒಂದೇ ಕ್ಲಿಪ್ಪಾಗಿ ಕಾಣಬೇಕು. ಐದಾರಾಗಿ ಕಂಡರೆ ನಿಲ್ಲಿಸಿ, ಒಂದನೇ ಹಂತದಲ್ಲಿ ಏನೋ ಬಿಟ್ಟಿದ್ದೀರಿ.

ಪ್ರೀಮಿಯರ್ ಬಳಸುವವರಿಗೆ ಒಂದು ಮಾತು. ಇಂಪೋರ್ಟ್ ಆದ ಕೂಡಲೇ ದನಿ ಇಲ್ಲ, ಅಲೆ ಇಲ್ಲ ಅಂತ ಗಾಬರಿ ಬೀಳಬೇಡಿ. ಅದು ಹಿಂದೆ ಆಡಿಯೋವನ್ನು ತನಗೆ ಬೇಕಾದ ಹಾಗೆ ಸಿದ್ಧ ಮಾಡಿಕೊಳ್ಳುತ್ತಿರುತ್ತದೆ. ಕೆಳಗಿನ ಬಲ ಮೂಲೆಯಲ್ಲಿ ಗೆರೆ ಓಡುತ್ತಿರುತ್ತದೆ, ಮುಗಿಯುವವರೆಗೆ ಕಾಯಿರಿ. ಅರ್ಧದಲ್ಲಿ ಸಿಂಕ್ ಒತ್ತಿದರೆ ಹೋಲಿಸಲು ಅಲೆಯೇ ಇರುವುದಿಲ್ಲ.

ಈಗ ಚಾನೆಲ್. ಕ್ಯಾಮೆರಾದಲ್ಲಿ ಎರಡು ಎಕ್ಸ್‌ಎಲ್‌ಆರ್ (ಮೈಕ್ ಚುಚ್ಚುವ) ಇನ್‌ಪುಟ್ ಇದ್ದು, ಒಂದರಲ್ಲಿ ಅಂಗಿಗೆ ಸಿಕ್ಕಿಸಿದ ಲೇಪಲ್ ಮೈಕ್, ಇನ್ನೊಂದರಲ್ಲಿ ಕೋಲಿನ ತುದಿಯ ಬೂಮ್ ಮೈಕ್ ಇತ್ತು ಅಂದುಕೊಳ್ಳಿ. ಸಾಫ್ಟ್‌ವೇರ್ ಅದನ್ನು ಸ್ಟೀರಿಯೋ ಅಂತ ತಿಳಿಯುತ್ತದೆ. ಎಡಕಿವಿಗೆ ಲೇಪಲ್, ಬಲಕಿವಿಗೆ ಬೂಮ್. ಇದನ್ನು ಎರಡು ಮೊನೊ ಟ್ರ್ಯಾಕ್ ಮಾಡಬೇಕು. ಪ್ರೀಮಿಯರ್‌ನಲ್ಲಿ ಕ್ಲಿಪ್ ಆರಿಸಿ 'ಮಾಡಿಫೈ', ಅದರೊಳಗೆ 'ಆಡಿಯೋ ಚಾನೆಲ್ಸ್'. ರಿಸಾಲ್ವ್‌ನಲ್ಲಿ 'ಕ್ಲಿಪ್ ಆಟ್ರಿಬ್ಯೂಟ್ಸ್', ಅದರ ಆಡಿಯೋ ಪುಟ. ಇದನ್ನು ಟೈಮ್‌ಲೈನ್‌ಗೆ ಹಾಕುವ ಮೊದಲೇ ಮಾಡಿ. ಪ್ರೀಮಿಯರ್‌ನಲ್ಲಿ ಟೈಮ್‌ಲೈನ್ ಮೇಲೆ ಆಗಲೇ ಇರುವ ಕ್ಲಿಪ್‌ಗೆ ಈ ಬದಲಾವಣೆ ತಗಲುವುದಿಲ್ಲ, ಮತ್ತೆ ಎಲ್ಲ ಹಾಕಬೇಕು.

ರೆಕಾರ್ಡರ್‌ನ ಪಾಲಿ ವೇವ್ ಫೈಲ್‌ನಲ್ಲಿ ಆರು, ಎಂಟು ಟ್ರ್ಯಾಕ್ ಒಂದೇ ಫೈಲ್ ಒಳಗಿರುತ್ತವೆ. ಮೊದಲ ಎರಡು ಸಾಮಾನ್ಯವಾಗಿ ಮಿಕ್ಸ್, ಉಳಿದವು ಒಬ್ಬೊಬ್ಬರ ಮೈಕ್. ಮಿಕ್ಸ್ ಚೆನ್ನಾಗಿದೆ ಅಂತ ಉಳಿದವನ್ನು ಬಿಟ್ಟು ಬರಬೇಡಿ. ಜಾಗ ಉಳಿಸಲು ವೇವನ್ನು ಎಂಪಿ3 ಮಾಡಲೂ ಬೇಡಿ. ಒಳಗಿದ್ದ ಟೈಮ್‌ಕೋಡ್, ಸೀನ್, ಟೇಕ್ ಹೆಸರು ಎಲ್ಲ ಹೋಗುತ್ತದೆ, ಆಮೇಲೆ ಸೌಂಡ್ ಮಿಕ್ಸ್ ಮಾಡುವವರು ನಿಮಗೆ ಫೋನ್ ಮಾಡುತ್ತಾರೆ, ಪ್ರೀತಿಯಿಂದ ಅಲ್ಲ.

ಹಂತ 5: ಸಿಂಕ್

ದಾರಿ ಮೂರು. ನಿಮ್ಮ ಫೂಟೇಜ್‌ಗೆ ಯಾವುದು ಹೊಂದುತ್ತದೆ ಅನ್ನುವುದು ಶೂಟಿಂಗ್ ದಿನವೇ ತೀರ್ಮಾನ ಆಗಿಹೋಗಿರುತ್ತದೆ.

ಟೈಮ್‌ಕೋಡ್‌ನಿಂದ

ಕ್ಯಾಮೆರಾಗೂ ರೆಕಾರ್ಡರ್‌ಗೂ ಒಂದೇ ಟೈಮ್‌ಕೋಡ್ ಕೊಟ್ಟಿದ್ದರೆ ಇದು ಅತಿ ಬೇಗ. ನೂರು ಕ್ಲಿಪ್ಪಿದ್ದರೂ ನಿಮಿಷದೊಳಗೆ ಕೂರುತ್ತವೆ. ಷರತ್ತು ಒಂದೇ: ಕ್ಯಾಮೆರಾ 'ಫ್ರೀ ರನ್'ನಲ್ಲಿ, ಅಂದರೆ ಗಡಿಯಾರ ಸದಾ ಓಡುವ ಮೋಡ್‌ನಲ್ಲಿ ಇರಬೇಕಿತ್ತು. 'ರೆಕ್ ರನ್'ನಲ್ಲಿ ಇದ್ದರೆ ರೆಕಾರ್ಡ್ ಮಾಡುವಾಗ ಮಾತ್ರ ಗಡಿಯಾರ ಓಡುತ್ತದೆ, ನಡುವಿನ ಹೊತ್ತು ಲೆಕ್ಕಕ್ಕೇ ಇಲ್ಲ. ಅಂಥ ಟೈಮ್‌ಕೋಡ್‌ನಿಂದ ಸಿಂಕ್ ಸಾಧ್ಯವಿಲ್ಲ.

ರಿಸಾಲ್ವ್‌ನಲ್ಲಿ ವಿಡಿಯೋ, ಆಡಿಯೋ ಎರಡನ್ನೂ ಒಟ್ಟಿಗೆ ಆರಿಸಿ, ಬಲ ಕ್ಲಿಕ್, 'ಆಟೋ ಸಿಂಕ್ ಆಡಿಯೋ', ಟೈಮ್‌ಕೋಡ್. ಕ್ಯಾಮೆರಾದ ದನಿಯನ್ನೂ ಉಳಿಸಿಕೊಳ್ಳುವ ಆಯ್ಕೆ ಇರುತ್ತದೆ, ಅದನ್ನೇ ಆರಿಸಿ. ಪರೀಕ್ಷೆಗೆ ಬೇಕಾಗುತ್ತದೆ. ಫೈನಲ್ ಕಟ್‌ನಲ್ಲಿ 'ಸಿಂಕ್ರೊನೈಸ್ ಕ್ಲಿಪ್ಸ್'. ಆವಿಡ್‌ನಲ್ಲಿ 'ಆಟೋಸಿಂಕ್'. ಪ್ರೀಮಿಯರ್‌ನಲ್ಲಿ 'ಮರ್ಜ್ ಕ್ಲಿಪ್ಸ್' ಇದೆ, ನಾನು ಬಳಸುವುದಿಲ್ಲ. ಆಮೇಲೆ ಸೌಂಡ್‌ನವರಿಗೆ ಎಎಎಫ್ (ಟೈಮ್‌ಲೈನನ್ನು ಬೇರೆ ಸಾಫ್ಟ್‌ವೇರ್‌ಗೆ ಒಯ್ಯುವ ಫೈಲ್) ಕಳಿಸುವಾಗ ವೇವ್ ಫೈಲಿನ ಮೂಲ ವಿವರ ಕಳೆದುಹೋಗಿ ಕಷ್ಟವಾಗುತ್ತದೆ. ಅದರ ಬದಲು 'ಕ್ರಿಯೇಟ್ ಮಲ್ಟಿ ಕ್ಯಾಮೆರಾ ಸೋರ್ಸ್ ಸೀಕ್ವೆನ್ಸ್'. ಒಂದೇ ಕ್ಯಾಮೆರಾ ಇದ್ದರೂ ಅದನ್ನೇ ಮಾಡಿ.

ಟೈಮ್‌ಕೋಡ್ ಇನ್‌ಪುಟ್ ಇಲ್ಲದ ಕ್ಯಾಮೆರಾಗೆ ಟೈಮ್‌ಕೋಡ್ ಪೆಟ್ಟಿಗೆಯನ್ನು ಮೈಕ್ ಜಾಗಕ್ಕೆ ಚುಚ್ಚಿರುತ್ತಾರೆ. ಆಗ ಒಂದು ಚಾನೆಲ್‌ನಲ್ಲಿ ಕರಕರ ಅನ್ನುವ ಕೆಟ್ಟ ಸದ್ದು ಕೇಳುತ್ತದೆ. ಕ್ಲಿಪ್ ಕೆಟ್ಟಿದೆ ಅಂತ ಎಸೆಯಬೇಡಿ, ಅದೇ ಟೈಮ್‌ಕೋಡ್. ರಿಸಾಲ್ವ್‌ನಲ್ಲಿ 'ಅಪ್‌ಡೇಟ್ ಟೈಮ್‌ಕೋಡ್ ಫ್ರಮ್ ಆಡಿಯೋ ಟ್ರ್ಯಾಕ್' ಒತ್ತಿದರೆ ಆ ಸದ್ದನ್ನು ಓದಿ ಕ್ಲಿಪ್‌ಗೆ ಸಮಯ ಬರೆಯುತ್ತದೆ. ಇದು ಮೊದಲು, ಸಿಂಕ್ ಆಮೇಲೆ.

ಅಲೆಯಿಂದ

ಟೈಮ್‌ಕೋಡ್ ಇಲ್ಲ, ಆದರೆ ಕ್ಯಾಮೆರಾದ ಸ್ವಂತ ಮೈಕ್ ಏನೋ ಒಂದು ಹಿಡಿದಿದೆ. ಆಗ ಸಾಫ್ಟ್‌ವೇರ್ ಎರಡು ದನಿಗಳ ಅಲೆ ಹೋಲಿಸಿ ಕೂರಿಸುತ್ತದೆ. ಮೆನುಗಳು ಮೇಲಿನವೇ, ಟೈಮ್‌ಕೋಡ್ ಬದಲು 'ವೇವ್‌ಫಾರ್ಮ್' ಅಥವಾ 'ಆಡಿಯೋ' ಆರಿಸಬೇಕು.

ಇನ್ನೂರು ಫೈಲ್ ಒಟ್ಟಿಗೆ ಆರಿಸಿ ಕಾಫಿ ಕುಡಿಯಲು ಹೋಗಬೇಡಿ. ಬೆಳಗಿನ ಕ್ಲಿಪ್ ಬೆಳಗಿನ ವೇವ್ ಜೊತೆ, ಸಂಜೆಯದ್ದು ಸಂಜೆಯದ್ದರ ಜೊತೆ, ಹತ್ತು ಹತ್ತರ ಗುಂಪು ಮಾಡಿ ಕೊಡಿ. ಒಂದೇ ಮಾತನ್ನು ಎಂಟು ಟೇಕ್ ಹೇಳಿದ್ದರೆ ಅಲೆಗಳು ಹತ್ತಿರ ಹತ್ತಿರ ಇರುತ್ತವೆ, ಮೂರನೇ ಟೇಕಿನ ಚಿತ್ರಕ್ಕೆ ನಾಲ್ಕನೇ ಟೇಕಿನ ದನಿ ಅಂಟಿಬಿಡಬಹುದು. ಸ್ಲೋ ಮೋಷನ್ ಮೋಡ್‌ನಲ್ಲಿ ತೆಗೆದ ಕ್ಲಿಪ್‌ಗಳನ್ನು ಗುಂಪಿನಿಂದ ತೆಗೆದುಬಿಡಿ. ಅವುಗಳಲ್ಲಿ ಸಾಮಾನ್ಯವಾಗಿ ಆಡಿಯೋನೇ ಇರುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 25 ಫ್ರೇಮಿನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಷ್ಟರಲ್ಲಿ ಸದ್ದು ಹೋಗುವುದು ಹದಿನಾಲ್ಕು ಮೀಟರ್‌ಗಿಂತ ಸ್ವಲ್ಪ ಕಡಿಮೆ. ಕ್ಯಾಮೆರಾ ಸಭಾಂಗಣದ ಹಿಂಬದಿಯಲ್ಲಿ, ವೇದಿಕೆಯಿಂದ 28 ಮೀಟರ್ ದೂರ ಇತ್ತು ಅನ್ನಿ. ಅದರ ಮೈಕ್‌ಗೆ ಮಾತು ತಲುಪಿದ್ದೇ ಎರಡು ಫ್ರೇಮ್ ತಡವಾಗಿ. ಸಾಫ್ಟ್‌ವೇರ್ ನಿಮ್ಮ ಸ್ವಚ್ಛ ಆಡಿಯೋವನ್ನು ಆ ತಡವಾದ ದನಿಗೇ ಹೊಂದಿಸುತ್ತದೆ. ಅಲೆಗಳು ಕರಾರುವಾಕ್ಕಾಗಿ ಕೂತಿರುತ್ತವೆ, ತುಟಿ ಮಾತ್ರ ಎರಡು ಫ್ರೇಮ್ ಮುಂದೆ. ಆಗ ಅಲೆ ನಂಬಬೇಡಿ, ಕಣ್ಣು ನಂಬಿ. ಸ್ವಚ್ಛ ಆಡಿಯೋವನ್ನು ಎರಡು ಫ್ರೇಮ್ ಎಡಕ್ಕೆ ಸರಿಸಿ.

ಕೈಯಿಂದ

ಎರಡೂ ಸೋತಾಗ ಕ್ಲ್ಯಾಪ್ ಬೋರ್ಡ್, ಅದೂ ಇಲ್ಲದಿದ್ದರೆ ಯಾರೋ ಕ್ಯಾಮೆರಾ ಮುಂದೆ ತಟ್ಟಿದ ಒಂದು ಚಪ್ಪಾಳೆ. ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಒಂದು ಫ್ರೇಮ್‌ನಲ್ಲಿ ಬೋರ್ಡಿನ ಮೇಲಿನ ಕಡ್ಡಿ ಎರಡು ಬೆರಳು ಅಗಲ ತೆರೆದಿರುತ್ತದೆ, ವೇಗಕ್ಕೆ ಮಂಜಾಗಿ ಕಾಣುತ್ತದೆ. ಮುಂದಿನದರಲ್ಲಿ ಮುಚ್ಚಿರುತ್ತದೆ, ಗೆರೆಗಳು ಸ್ಪಷ್ಟ. ಮುಚ್ಚಿ ಕಂಡ ಆ ಮೊದಲ ಫ್ರೇಮಿಗೆ ಮಾರ್ಕರ್ ಹಾಕಿ. ಆಡಿಯೋದಲ್ಲಿ ಮೊಳೆಯಂತೆ ಎದ್ದ ಅಲೆ ಶುರುವಾಗುವ ಜಾಗಕ್ಕೆ ಇನ್ನೊಂದು. ತುದಿಗೆ ಹಾಕಬೇಡಿ, ಬುಡಕ್ಕೆ ಹಾಕಿ. ಎರಡೂ ಮಾರ್ಕರ್ ಒಂದರ ಮೇಲೊಂದು ಬರಲಿ. ಶಾಟಿನ ಮೊದಲಲ್ಲಿ ಕ್ಲ್ಯಾಪ್ ಕಾಣದಿದ್ದರೆ ಕೊನೆಗೆ ಹೋಗಿ ನೋಡಿ. ಕೊನೆಯಲ್ಲಿ ಹೊಡೆಯುವ ಬೋರ್ಡನ್ನು ತಲೆಕೆಳಗಾಗಿ ಹಿಡಿದಿರುತ್ತಾರೆ.

ಹಂತ 6: ಶುರು, ನಡು, ಕೊನೆ ಮೂರೂ ಕಡೆ ಪರೀಕ್ಷಿಸಿ

ಶುರುವಿನಲ್ಲಿ ನೋಡಿ ಸರಿ ಇದೆ ಅಂತ ಎದ್ದು ಹೋಗುವುದೇ ಎಲ್ಲ ಕಷ್ಟದ ಮೂಲ. ಅತಿ ಉದ್ದದ ಟೇಕ್ ಆರಿಸಿ. ಹೆಡ್‌ಫೋನ್ ಹಾಕಿ, ಕ್ಯಾಮೆರಾದ ದನಿ ಮತ್ತು ರೆಕಾರ್ಡರ್‌ನ ದನಿ ಎರಡನ್ನೂ ಒಟ್ಟಿಗೆ ಬಿಡಿ. ಮಾತು ಎರಡೆರಡು ಸಲ ಕೇಳಿದರೆ ಫ್ರೇಮ್‌ಗಳ ಲೆಕ್ಕದಲ್ಲಿ ತಪ್ಪಿದೆ. ಡಬ್ಬದೊಳಗಿಂದ ಮಾತಾಡಿದ ಹಾಗೆ ಟೊಳ್ಳಾಗಿ ಕೇಳಿದರೆ ಬಹಳ ಹತ್ತಿರ ಬಂದಿದ್ದೀರಿ, ಒಂದು ಫ್ರೇಮಿನ ಒಳಗೇ ಸಣ್ಣ ವ್ಯತ್ಯಾಸ. ಅದನ್ನೂ ಸರಿಪಡಿಸಬೇಕೆಂದರೆ ಪ್ರೀಮಿಯರ್‌ನಲ್ಲಿ 'ಶೋ ಆಡಿಯೋ ಟೈಮ್ ಯುನಿಟ್ಸ್' ಆನ್ ಮಾಡಿ, ಫ್ರೇಮಿಗಿಂತ ಚಿಕ್ಕ ಹೆಜ್ಜೆಯಲ್ಲಿ ಸರಿಸಬಹುದು. ರಿಸಾಲ್ವ್‌ನಲ್ಲಿ ಫೇರ್‌ಲೈಟ್ ಪೇಜ್. ಮುಗಿದ ಮೇಲೆ ಕ್ಯಾಮೆರಾದ ದನಿ ಮ್ಯೂಟ್ ಮಾಡಿ, ಅಳಿಸಬೇಡಿ.

ಆಮೇಲೆ ನಡುವಿಗೆ, ಕೊನೆಗೆ ಹೋಗಿ ಇದನ್ನೇ ಮಾಡಿ. ತಪ್ಪು ಇದ್ದರೆ ಅದರ ನಡವಳಿಕೆಯಿಂದಲೇ ಕಾರಣ ಹೇಳಬಹುದು.

ತಪ್ಪು ಶುರುವಿನಿಂದ ಕೊನೆವರೆಗೆ ಅಷ್ಟೇ ಇದ್ದರೆ ಸುಮ್ನೆ ಸರಿಸಿ, ಮುಗಿಯಿತು. ಎಲ್ಲ ಕ್ಲಿಪ್‌ಗಳೂ ಸರಿಯಾಗಿ ಒಂದು ಗಂಟೆ ಅಥವಾ ಹನ್ನೆರಡು ಗಂಟೆ ಆಚೆ ಇದ್ದರೆ ಯಾವುದೋ ಒಂದರ ಗಡಿಯಾರ ತಪ್ಪಾಗಿತ್ತು. ದಿನ ಕಳೆದ ಹಾಗೆ ಗಂಟೆಗೆ 3.6 ಸೆಕೆಂಡ್ ಲೆಕ್ಕದಲ್ಲಿ ಟೈಮ್‌ಕೋಡ್ ದೂರವಾಗುತ್ತಿದ್ದರೆ ಎರಡನೇ ಹಂತದ 23.976 ಗೊಂದಲ, ಇಲ್ಲವೇ 29.97ರಲ್ಲಿ ಒಂದು ಯಂತ್ರ 'ಡ್ರಾಪ್ ಫ್ರೇಮ್', ಇನ್ನೊಂದು 'ನಾನ್ ಡ್ರಾಪ್'. ಡ್ರಾಪ್ ಫ್ರೇಮ್‌ನಲ್ಲಿ ಗಂಟೆಗೆ 108 ಫ್ರೇಮ್ ಸಂಖ್ಯೆಗಳನ್ನು ಬಿಟ್ಟು ಎಣಿಸುತ್ತಾರೆ, ಅದೂ ಅದೇ 3.6 ಸೆಕೆಂಡೇ. ಚಿತ್ರದ ಫ್ರೇಮ್ ಒಂದೂ ಹೋಗಿರುವುದಿಲ್ಲ, ಎಣಿಕೆ ಮಾತ್ರ ಬೇರೆ.

ಟೇಕಿನ ಒಳಗೇ ತಪ್ಪು ಒಂದೇ ಸಮ ಬೆಳೆಯುತ್ತಿದ್ದರೆ ಗಡಿಯಾರ ನೋಡಿ. 42 ಸೆಕೆಂಡಿಗೊಂದು ಫ್ರೇಮ್ ಆದರೆ ಫ್ರೇಮ್ ರೇಟ್ ತಪ್ಪಾಗಿ ಓದಿದೆ. ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಅಥವಾ 'ಇಂಟರ್‌ಪ್ರೆಟ್ ಫೂಟೇಜ್'ನಲ್ಲಿ ಸರಿ ಮಾಡಿ. ಗಂಟೆಗೆ ಎರಡು ಮೂರು ಫ್ರೇಮ್ ಮಾತ್ರ ಆದರೆ ಯಾರ ತಪ್ಪೂ ಅಲ್ಲ, ಎರಡು ಯಂತ್ರಗಳ ಒಳಗಿನ ಗಡಿಯಾರ ಕೂದಲೆಳೆಯಷ್ಟು ಬೇರೆ. ವೇಗ ಬದಲಿಸಿ ಸರಿಪಡಿಸಿ ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಹಾಕಿ: ಒಂದು ಗಂಟೆಗೆ ಮೂರು ಫ್ರೇಮ್ ಜಾಸ್ತಿ ಅಂದರೆ 3600ಕ್ಕೆ 3600.12 ಸೆಕೆಂಡ್, ವೇಗ 100.0033 ಶೇಕಡಾ. ವೇಗದ ಬಾಕ್ಸ್‌ನಲ್ಲಿ ಎರಡೇ ದಶಮಾಂಶ ಹಿಡಿಸಿದರೆ ಅದು 100.00 ಆಗಿಬಿಡುತ್ತದೆ, ಏನೂ ಬದಲಾಗುವುದಿಲ್ಲ. ಅದಕ್ಕಿಂತ ಮಾತಿನ ನಡುವೆ ಉಸಿರು ತೆಗೆದುಕೊಂಡ ಜಾಗದಲ್ಲಿ ಆಡಿಯೋ ಕತ್ತರಿಸಿ, ಅಲ್ಲಿಂದ ಮುಂದಿನದನ್ನು ಒಂದು ಫ್ರೇಮ್ ಸರಿಸಿ. ಇಪ್ಪತ್ತು ನಿಮಿಷಕ್ಕೊಂದು ಕತ್ತರಿ ಸಾಕು. ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ವೇರಿಯಬಲ್ ಫ್ರೇಮ್ ರೇಟ್. ಒಂದೇ ಜಾಗದಲ್ಲಿ ಠಕ್ಕನೆ ಜಿಗಿದರೆ ಅಲ್ಲೊಂದು ಫೈಲ್ ತುಂಡಾಗಿದೆ. ಆಡಿಯೋ ಒಂದು ಕಿವಿಯಲ್ಲಿ ಮಾತ್ರ ಕೇಳಿದರೆ ನಾಲ್ಕನೇ ಹಂತ. ಹೆಡ್‌ಫೋನ್‌ನಲ್ಲಿ ಸರಿ ಇದ್ದು ಫೋನಿನ ಒಂಟಿ ಸ್ಪೀಕರ್‌ನಲ್ಲಿ ಮಾತು ಮಾಯವಾದರೆ ಎರಡು ಚಾನೆಲ್‌ಗಳಲ್ಲಿ ಒಂದರ ಪೋಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿದೆ, ಎರಡೂ ಸೇರಿದಾಗ ಒಂದನ್ನೊಂದು ಅಳಿಸುತ್ತಿವೆ. ಒಂದನ್ನು ತಿರುಗಿಸಿ, ಇಲ್ಲವೇ ಒಂದನ್ನೇ ಬಳಸಿ.

ಹಂತ 7: ಪ್ರಾಕ್ಸಿ ಬೇಕಿದ್ದರೆ ಈಗ

ಕಂಪ್ಯೂಟರ್ ಏದುಸಿರು ಬಿಡುತ್ತಿದ್ದರೆ ಎಡಿಟಿಂಗ್ ಹೊತ್ತಿಗೆ ಮೂಲದ ಬದಲು ನಿಲ್ಲುವ ಹಗುರವಾದ ಪ್ರಾಕ್ಸಿ ಫೈಲ್ ಮಾಡಿಕೊಳ್ಳಿ. ಎಡಿಟ್ ಮಾಡುವ ಸಾಫ್ಟ್‌ವೇರ್‌ನಿಂದಲೇ ಮಾಡಿ. ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಅನ್ನುವ ಫಾರ್ಮ್ಯಾಟ್ ಸಾಕು. ಫ್ರೇಮ್ ರೇಟ್, ಟೈಮ್‌ಕೋಡ್, ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದ ಹಾಗೇ ಇರಬೇಕು. ನಾಲ್ಕು ಚಾನೆಲ್ಲಿನ ಕ್ಲಿಪ್‌ಗೆ ಎರಡು ಚಾನೆಲ್ಲಿನ ಪ್ರಾಕ್ಸಿ ಕೊಟ್ಟರೆ ಪ್ರೀಮಿಯರ್ ಸೇರಿಸಿಕೊಳ್ಳಲು ಒಪ್ಪುವುದಿಲ್ಲ.

ಹಂತ 8: ಕಾರ್ಡ್ ಅಳಿಸುವುದು

ಇಷ್ಟು ಹೊತ್ತೂ ಕಾರ್ಡ್ ಮುಟ್ಟಿಲ್ಲ ತಾನೆ? ಒಳ್ಳೆಯದು. ಎರಡೂ ಡಿಸ್ಕ್‌ಗಳ ಚೆಕ್‌ಸಮ್ ಹೊಂದಿದೆ, ಪ್ರತಿ ಕಾರ್ಡಿನಿಂದ ಮೊದಲ ಮತ್ತು ಕೊನೆಯ ಕ್ಲಿಪ್ ಆಡಿಸಿ ದನಿ ಸಮೇತ ನೋಡಿದ್ದೀರಿ, ಉದ್ದದ ಟೇಕ್ ಕೊನೆವರೆಗೆ ಸಿಂಕ್‌ನಲ್ಲಿದೆ. ಈಗ ಅಳಿಸಬಹುದು. ಕಂಪ್ಯೂಟರ್‌ನಲ್ಲಿ ಡಿಲೀಟ್ ಮಾಡಬೇಡಿ. ಕಾರ್ಡನ್ನು ಮುಂದಿನ ಶೂಟಿಂಗ್‌ಗೆ ಯಾವ ಕ್ಯಾಮೆರಾದಲ್ಲಿ ಬಳಸುತ್ತೀರೋ ಅದರಲ್ಲೇ ಹಾಕಿ, ಅದರ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ.